ಥೈರಾಯ್ಡ್ ರಿಪೋರ್ಟ್ ಓದುವುದು ಹೇಗೆ? ಖನಿಜದ ಪುಟ ಕೊನೆಗಿರಲಿ

ಡೊಂಬಿವಲಿಯಲ್ಲಿರುವ ನಮ್ಮ ಚಿಕ್ಕಮ್ಮ ಮೊನ್ನೆ ‘ಫುಲ್ ಬಾಡಿ ಪ್ಯಾಕೇಜ್’ ರಿಪೋರ್ಟ್ ಹಿಡಿದುಕೊಂಡು ಬಂದರು. ಸೆಲೆನಿಯಮ್, ಸತು, ತಾಮ್ರ, ಎಲ್ಲಕ್ಕೂ ಒಂದೊಂದು ಸಾಲು. ಸೆಲೆನಿಯಮ್ ಎದುರು ಕೆಂಪು ಬಾಣ. “ನನ್ನ ಥೈರಾಯ್ಡ್‌ಗೆ ಇದೇ ಕಾರಣ ನೋಡೇ” ಅಂದರು. ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನ್ ಟಿಎಸ್‌ಎಚ್ ಯಾವ ಪುಟದಲ್ಲಿದೆ ಅಂತ ಹುಡುಕುವಷ್ಟರಲ್ಲಿ ಕಾಫಿ ಆರಿತ್ತು.

ಮೊದಲು ಆ ಪುಟವನ್ನೇ ತೆಗೆಯಿರಿ. ಟಿಎಸ್‌ಎಚ್ ಮತ್ತು ಫ್ರೀ ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನ್) ಎರಡನ್ನೂ ಜೊತೆಗಿಟ್ಟು ನೋಡಿ. ಟಿಎಸ್‌ಎಚ್ ಏರಿದ್ದು ಟಿ4 ಇಳಿದಿದ್ದರೆ ತೊಂದರೆ ಇರುವುದು ಥೈರಾಯ್ಡ್ ಗ್ರಂಥಿಯಲ್ಲೇ. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ಏರಿದ್ದರೆ ಅದು ಆರಂಭದ ಹಂತ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಟಿ4 ಇಳಿದಿದ್ದರೂ ಟಿಎಸ್‌ಎಚ್ ಏರದೇ ಇದ್ದರೆ ಟಿಎಸ್‌ಎಚ್ ಬಿಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಮೇಲೆ ಅನುಮಾನ. ತಡಮಾಡದೆ ಹಾರ್ಮೋನ್ ತಜ್ಞರ ಹತ್ತಿರ ಹೋಗಿ. ಈ ವ್ಯತ್ಯಾಸವನ್ನು ಯಾವ ಖನಿಜವೂ ಹೇಳಲಾರದು.

ಆಮೇಲೆ ಆಂಟಿ-ಟಿಪಿಒ, ಅಂದರೆ ಥೈರಾಯ್ಡ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯದ ಪರೀಕ್ಷೆ. ಅದು ಹೆಚ್ಚಿದ್ದರೆ ನಮ್ಮ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ಎರಗಿದೆ ಎಂದರ್ಥ. 1912ರಲ್ಲಿ ಜಪಾನಿನ ಹಾಶಿಮೋಟೊ ವಿವರಿಸಿದ ಕಾಯಿಲೆ ಇದೇ.

ಈಗ ಖನಿಜಗಳಿಗೆ ಬನ್ನಿ. ಅಯೋಡಿನ್ ಥೈರಾಯ್ಡ್ ಹಾರ್ಮೋನಿನ ಕಚ್ಚಾ ಸಾಮಗ್ರಿ. ಕಡಿಮೆಯಾದರೂ ಕಷ್ಟ, ಅತಿಯಾದರೂ ಕಷ್ಟ. ಆದರೆ ಮೂತ್ರದಲ್ಲಿ ಅದರ ಮಟ್ಟ ದಿನದಿನಕ್ಕೆ ಬದಲಾಗುತ್ತದೆ. ಹಾಗಾಗಿ ಆ ಪರೀಕ್ಷೆ ಒಂದು ಊರಿನ ಸ್ಥಿತಿ ತಿಳಿಯಲು ಸರಿ, ಒಬ್ಬರ ಸ್ಥಿತಿ ತಿಳಿಯಲು ಸಾಲದು. ಅದಕ್ಕಿಂತ ಅಡುಗೆಮನೆಯಲ್ಲಿ ಉಪ್ಪಿನ ಪ್ಯಾಕೆಟ್ ನೋಡುವುದು ಮೇಲು. ಚಿಕ್ಕಮ್ಮ ಎರಡು ವರ್ಷದಿಂದ ಬರೀ ಸೈಂಧವ ಉಪ್ಪು ಬಳಸುತ್ತಿದ್ದಾರೆ. ಪ್ಯಾಕೆಟ್ ಮೇಲೆ ಅಯೋಡಿನ್ ಸುದ್ದಿಯೇ ಇಲ್ಲ! ಡಾಕ್ಟರಿಗೆ ಮೊದಲು ಹೇಳಬೇಕಾದದ್ದು ಇದನ್ನು.

ಟಿ4 ಅನ್ನು ಟಿ3 (ದೇಹ ನೇರವಾಗಿ ಬಳಸುವ ಹಾರ್ಮೋನ್) ಆಗಿಸುವ ಕಿಣ್ವಗಳಲ್ಲಿ ಸೆಲೆನಿಯಮ್ ಇರುತ್ತದೆ, ನಿಜ. ಆದರೆ ಜ್ವರ, ಉರಿಯೂತ ಇದ್ದಾಗ ರಕ್ತದಲ್ಲಿ ಅದು ತಾನಾಗಿ ಇಳಿಯುತ್ತದೆ. ಚಿಕ್ಕಮ್ಮ ರಕ್ತ ಕೊಟ್ಟಾಗ ಜ್ವರ ಬಿಟ್ಟು ಮೂರೇ ದಿನವಾಗಿತ್ತು. ಆ ಬಾಣಕ್ಕೆ ಅಷ್ಟು ಬೆಲೆ ಕೊಡಬೇಕಿಲ್ಲ.

ಕಬ್ಬಿಣಕ್ಕೆ ಮಾತ್ರ ಗಮನ ಕೊಡಿ. ಹಾರ್ಮೋನ್ ತಯಾರಿಸುವ ಕಿಣ್ವಕ್ಕೆ ಅದು ಬೇಕು. ಥೈರಾಯ್ಡ್ ಕುಂದಿದಾಗ ಮುಟ್ಟಿನ ಸ್ರಾವ ಹೆಚ್ಚಿ ಕಬ್ಬಿಣ ಇನ್ನಷ್ಟು ಇಳಿಯುವುದೂ ಉಂಟು. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿಸಿ. ಸೋಡಿಯಂ ಕಡಿಮೆ ಬಂದಿದ್ದರೆ ಅದು ಥೈರಾಯ್ಡ್ ಹಾರ್ಮೋನಿನ ತೀವ್ರ ಕೊರತೆಯ ಪರಿಣಾಮವಿರಬಹುದು, ಕಾರಣವಲ್ಲ.

ರಕ್ತ ಕೊಡುವ ಮುನ್ನ ಒಂದು ಎಚ್ಚರ: ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಲ್ಯಾಬ್‌ಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳಾಗಿ ತಗ್ಗಿಸಿ ತೋರಿಸುತ್ತದೆ. ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ.

ಥೈರಾಯ್ಡ್ ಮಾತ್ರೆ ಶುರುವಾಗಿದ್ದರೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ. ಬೆಳಗಿನ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಅದರ ಬೆನ್ನಿಗೇ ಫಿಲ್ಟರ್ ಕಾಫಿ ಬೇಡ, ಅರ್ಧದಿಂದ ಒಂದು ಗಂಟೆ ತಡೆಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು 4 ಗಂಟೆ ದೂರವಿರಲಿ. ಡೋಸ್ ಬದಲಾದ 6ರಿಂದ 8 ವಾರದ ನಂತರವೇ ಮತ್ತೆ ಟಿಎಸ್‌ಎಚ್ ಮಾಡಿಸಿ.