ಬಿಸಿಯೂಟದ ಅಡುಗೆಯವರಿಗೆ ಮಕ್ಕಳಿಂದ ಗೌರವ: ಹೀಗೆ ಮಾಡಿ

ಸೆಪ್ಟೆಂಬರ್ 5ರಂದು ಶಿಕ್ಷಕರಿಗೆ ಹೂವು, ಹಾರ ಸಿಗುತ್ತವೆ. ಅಂದೇ ಅಡುಗೆಯವರಿಗೂ ಗೌರವ ಸಲ್ಲಿಸಿ.

ವಾರ ಮೊದಲೇ ನಾಲ್ಕು, ಐದನೇ ತರಗತಿಯವರಿಂದ ಎರಡು ಸಾಲಿನ ಪತ್ರ ಬರೆಸಿ. ಬೋರ್ಡಿನ ಮೇಲೆ ಮಾದರಿ ಬರೆಯಬೇಡಿ, ಬರೆದರೆ ಎಲ್ಲ ಪತ್ರಗಳೂ ಒಂದೇ ಆಗುತ್ತವೆ. ‘ನಿಮಗೆ ಯಾವ ಸಾರು ಇಷ್ಟ?’ ಎಂದು ಕೇಳಿದರೆ ಸಾಕು. ಅಡುಗೆಯವರಲ್ಲಿ ಓದು ಬಾರದವರಿದ್ದರೆ ಮುಜುಗರವಾಗಬಾರದು; ಪತ್ರಗಳನ್ನು ಮಕ್ಕಳೇ ಗಟ್ಟಿಯಾಗಿ ಓದಲಿ. ಮಕ್ಕಳಿಂದ ಹಣ ಮಾತ್ರ ಎತ್ತಬೇಡಿ: ಕೊಡಲಾಗದ ಮಗು ಅಂದು ಶಾಲೆಗೇ ಬಾರದೆ ಉಳಿಯಬಹುದು.

ಕಾರ್ಯಕ್ರಮ ಊಟದ ನಂತರವೇ ಇರಲಿ. ಬೆಳಗ್ಗೆ ಕರೆದರೆ ಒಲೆಯ ಮೇಲಿನ ಅನ್ನ ತಳ ಹಿಡಿಯುತ್ತದೆ. ಅಂದು ಬಡಿಸುವ ಕೆಲಸ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರದು. ಬಿಸಿ ಸಾಂಬಾರಿನ ಪಾತ್ರೆ ಮಕ್ಕಳ ಕೈಗೆ ಬೇಡ. ಅಡುಗೆಯವರು ಮಕ್ಕಳ ಸಾಲಿನಲ್ಲೇ ಕೂತು ಉಣ್ಣಲಿ.

ಇನ್ನೊಂದು ಮಾತು, ಇದು ವರ್ಷವಿಡೀ ಬೇಕಾದದ್ದು. ತಟ್ಟೆಯಲ್ಲಿ ಅನ್ನ ಬಿಡುವ ಮಗು ಮೊದಲು ಕಣ್ಣಿಗೆ ಬೀಳುವುದು ಬಡಿಸುವವರಿಗೇ. ಸತತ ಮೂರು ದಿನ ಹೀಗಾದರೆ ತರಗತಿ ಶಿಕ್ಷಕರಿಗೆ ತಿಳಿಸುವಂತೆ ಅವರಿಗೆ ಹೇಳಿಡಿ. ಶಿಕ್ಷಕರು ಮಗುವನ್ನು ಗದರದೆ, ಬೇರೆ ಮಕ್ಕಳ ಎದುರಲ್ಲದೆ ಮಾತಾಡಿಸಲಿ: ಹಲ್ಲುನೋವೋ, ಜ್ವರವೋ, ಮನೆಯಲ್ಲಿ ಜಗಳವೋ. ಹೊಡೆತ, ಕಿರುಕುಳದ ಸುಳಿವು ಸಿಕ್ಕರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.