ಎಡಿ ಅಂದ್ರೆ ಬಲಗಿವಿ: ಕಿವಿ ಡಾಕ್ಟ್ರ ಚೀಟಿ ಓದೋದು ಹೇಗೆ

ಹೋದ ಮಳೆಗಾಲ ಅಪ್ಪನ ಬಲಗಿವಿ ಸೋರೋಕೆ ಶುರುವಾಯ್ತು. ಶಿವಮೊಗ್ಗದಲ್ಲಿ ತೋರಿಸಿ, ಹನಿ ಔಷಧಿ ಕೊಡಿಸಿ, ತೀರ್ಥಹಳ್ಳಿ ಬಸ್ ಹತ್ತಿಸಿದೆ. ಮೂರು ದಿನ ಬಿಟ್ಟು ಫೋನ್ ಮಾಡಿದರೆ ಅಮ್ಮ ಎಡಗಿವಿಗೆ ಬಿಡ್ತಾ ಇದ್ದಾರೆ! ಚೀಟಿಯಲ್ಲಿ ಇಂಗ್ಲಿಷಿನಲ್ಲಿ 'ಎಡಿ' ಅಂತ ಇತ್ತು. ಪಕ್ಕದ ಮನೆ ಹುಡುಗ ಜೋರಾಗಿ ಓದಿದ, ಅಮ್ಮ ಎಡಕ್ಕೆ ಅಂದುಕೊಂಡರು. ಅಪ್ಪನೋ, ಸೋರೋದು ಇನ್ನೊಂದು ಕಿವಿ ಅಂತ ಗೊತ್ತಿದ್ದೂ, ಡಾಕ್ಟ್ರೇ ಬರೆದಿದ್ದಾರಲ್ಲ ಅಂತ ಸುಮ್ನೆ ಮಗ್ಗುಲಾಗಿ ಮಲಗಿದ್ದರು.

ಅದು ಲ್ಯಾಟಿನ್. ಆರಿಸ್ ಡೆಕ್ಸ್ಟ್ರಾ, ಅಂದ್ರೆ ಬಲಗಿವಿ. ಎಎಸ್ ಅಂತಿದ್ದರೆ ಎಡಗಿವಿ, ಎಯು ಅಂತಿದ್ದರೆ ಎರಡೂ. ಔಷಧಿ ಅಂಗಡಿಯಲ್ಲಿ ನಿಂತಾಗಲೇ ಪೆನ್ನು ತಗೊಂಡು ಡಬ್ಬದ ಮೇಲೆ 'ಬಲ' ಅಂತ ಕನ್ನಡದಲ್ಲಿ ಬರೆದುಬಿಡಿ. ಆಮೇಲೆ ಉಳಿದ ಪದಗಳ ಕಡೆ ಹೋಗಿ.

ಈ ಪದಗಳು ಉದ್ದ ಇವೆ ಅಷ್ಟೇ, ಮುರಿದರೆ ಸುಲಭ. 'ಓಟೋ' ಅಂದ್ರೆ ಕಿವಿ. ಅದಕ್ಕೆ 'ಐಟಿಸ್' ಸೇರಿದರೆ ಉರಿಯೂತ, 'ಅಲ್ಜಿಯಾ' ಸೇರಿದರೆ ನೋವು, 'ರಿಯಾ' ಸೇರಿದರೆ ಸೋರುವುದು, 'ಮೈಕೋಸಿಸ್' ಸೇರಿದರೆ ಬೂಸ್ಟು. ಅಪ್ಪನಿಗೆ ಆಗಿದ್ದು ಇದೇ ಕೊನೆಯದು, ಓಟೋಮೈಕೋಸಿಸ್. ನಮ್ಮ ಕಡೆ ಜುಲೈ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಗೋಡೆ ಎಲ್ಲಕ್ಕೂ ಬೂಸ್ಟು ಹಿಡಿಯುತ್ತೆ, ಕಿವಿಯನ್ನೇನು ಬಿಡುತ್ತಾ? ಒದ್ದೆ ಕಿವಿ, ಕಡ್ಡಿ ಹಾಕಿ ಕೆರೆಯೋದು, ಮೇಲಿಂದ ಕೊಬ್ಬರಿ ಎಣ್ಣೆ ಬಿಡೋದು, ಇವೆಲ್ಲ ಅದಕ್ಕೆ ಅನುಕೂಲವೇ. ಸೋರುವ ಕಿವಿಗೆ ಎಣ್ಣೆ ಬೇಡ. ಕಿವಿ ತಮಟೆಯಲ್ಲಿ ತೂತಿದ್ದರೆ ಇನ್ನೂ ಬೇಡ.

ತಮಟೆ ಅಂದೆನಲ್ಲ, ಡಾಕ್ಟ್ರು ಅದನ್ನು ಟಿಂಪಾನಿಕ್ ಮೆಂಬ್ರೇನ್ ಅಂತಾರೆ, ಚುಟುಕಾಗಿ ಟಿಎಂ. ಟಿಂಪಾನೋಪ್ಲಾಸ್ಟಿ ಅಂದ್ರೆ ಅದರ ರಿಪೇರಿ ಆಪರೇಷನ್. ತಮಟೆಯಿಂದ ಹೊರಗಿನದು ಎಕ್ಸ್‌ಟರ್ನಾ, ಒಳಗಡೆ ಮೂರು ಪುಟ್ಟ ಮೂಳೆ ಇರುವ ಜಾಗ, ಅಂದ್ರೆ ನಡುಗಿವಿ, ಮೀಡಿಯಾ. ಆ ಮೂಳೆಗಳಲ್ಲಿ ಕೊನೆಯದು ಸ್ಟೇಪಿಸ್, ಮೈಯಲ್ಲೇ ಅತಿ ಚಿಕ್ಕ ಮೂಳೆ, ಹೆಚ್ಚುಕಮ್ಮಿ 3 ಮಿಲಿಮೀಟರ್. ಅದರ ಆಚೆ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರೋದು ಕಾಕ್ಲಿಯಾ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಕೊಳವೆ ಇದೆ, ಯುಸ್ಟೇಷಿಯನ್ ಟ್ಯೂಬ್. ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಂಡು, ಎಂಜಲು ನುಂಗಿದ ಕೂಡಲೇ ಪಟ್ ಅಂತ ಬಿಡುತ್ತಲ್ಲ, ಅದು ಈ ಕೊಳವೆ ಬಾಯಿ ತೆರೆಯೋದು.

ಈಗ ಮುಖ್ಯವಾದದ್ದು, ಆಡಿಯೋಗ್ರಾಮ್, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅನ್ನೋ ಟೆಸ್ಟಿನ ಹಾಳೆ. ಬೂಸ್ಟು, ಗುಗ್ಗೆ ಎಲ್ಲ ತೆಗೆಸಿದ ಮೇಲೇ ಈ ಟೆಸ್ಟ್ ಮಾಡಿಸಿ, ಇಲ್ಲದಿದ್ದರೆ ಕಿವಿ ಇರುವುದಕ್ಕಿಂತ ಮಂದ ಅಂತ ಬರುತ್ತೆ. ಹಾಳೆಯಲ್ಲಿ ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಜ್, ಅಂದ್ರೆ ದಪ್ಪ ದನಿಯಿಂದ ಕೀರಲು ದನಿಗೆ. ಮೇಲಿನಿಂದ ಕೆಳಕ್ಕೆ ಡೆಸಿಬೆಲ್, ಅಂದ್ರೆ ಸದ್ದು ಎಷ್ಟು ಜೋರಿದ್ದರೆ ಕೇಳುತ್ತೆ ಅನ್ನೋದು. ಗೆರೆ ಕೆಳಗೆ ಹೋದಷ್ಟೂ ಕಿವಿ ಮಂದ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಚಿಹ್ನೆ. ಕಪ್ಪುಬಿಳುಪು ಜೆರಾಕ್ಸ್ ಕೊಟ್ಟರೂ ಚಿಹ್ನೆ ನೋಡಿ ಗುರುತಿಸಬಹುದು.

25 ಡೆಸಿಬೆಲ್‌ವರೆಗೆ ಸರಿ ಇದೆ ಅಂತ ಲೆಕ್ಕ. 26ರಿಂದ 40 ಮೈಲ್ಡ್, 55ರವರೆಗೆ ಮಾಡರೇಟ್, 70ರವರೆಗೆ ಮಾಡರೇಟ್ಲಿ ಸಿವಿಯರ್, 90ರವರೆಗೆ ಸಿವಿಯರ್, ಅದರಾಚೆ ಪ್ರೊಫೌಂಡ್. ಇದೇ ಜಾಸ್ತಿ ಬಳಕೆಯಲ್ಲಿರೋ ಲೆಕ್ಕ, ಕೆಲವು ಕಡೆ ಸ್ವಲ್ಪ ಬೇರೆ ಇರುತ್ತೆ. ಒಂದು ಮಾತು, 50 ಡೆಸಿಬೆಲ್ ಅಂದ್ರೆ ಅರ್ಧ ಕಿವಿ ಹೋಯ್ತು ಅಂತ ಅಲ್ಲ, ಅದು ಶೇಕಡಾ ಅಲ್ಲವೇ ಅಲ್ಲ. ಅಪ್ಪ ಇದನ್ನೇ ಹಿಡಿದುಕೊಂಡು ಎರಡು ದಿನ ಸಪ್ಪಗಿದ್ದರು.

ಹಾಳೆಯಲ್ಲಿ ಎಸಿ, ಬಿಸಿ ಅಂತ ಎರಡು ಗೆರೆ ಇರುತ್ತೆ. ಎಸಿ ಹೆಡ್‌ಫೋನ್ ಹಾಕಿ ಗಾಳಿಯ ಮೂಲಕ ಕೇಳಿಸಿದ್ದು. ಬಿಸಿ ಅನ್ನೋದು ಕಿವಿ ಹಿಂದಿನ ಮೂಳೆಗೆ ಯಂತ್ರ ಒತ್ತಿ ಕೇಳಿಸಿದ್ದು. ಬಿಸಿ ಚೆನ್ನಾಗಿದ್ದು ಎಸಿ ಮಾತ್ರ ಕೆಳಗಿದ್ದರೆ, ಒಳಗಿವಿ ಗಟ್ಟಿ ಇದೆ, ಶಬ್ದ ಹೋಗುವ ದಾರಿಯಲ್ಲಿ ಅಡ್ಡಿ ಇದೆ. ಇದು ಕಂಡಕ್ಟಿವ್. ಗುಗ್ಗೆ, ತೂತು, ನೀರು, ಗಡುಸಾದ ಮೂಳೆ, ಇಂಥವು. ಎಷ್ಟೋ ಸಲ ಔಷಧಿಯಿಂದಲೋ ಆಪರೇಷನ್‌ನಿಂದಲೋ ಸರಿಹೋಗುತ್ತೆ. ಎರಡೂ ಗೆರೆ ಜೊತೆಜೊತೆಯಾಗಿ ಕೆಳಗಿದ್ದರೆ ಸೆನ್ಸರಿನ್ಯೂರಲ್, ಅಂದ್ರೆ ಕಾಕ್ಲಿಯಾದ್ದೋ ನರದ್ದೋ ತೊಂದರೆ. ಕಾಕ್ಲಿಯಾದ ಸೂಕ್ಷ್ಮ ಕೂದಲು ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ಇಲ್ಲಿ ಸಾಮಾನ್ಯವಾಗಿ ಕಿವಿಗೆ ಹಾಕೋ ಮಿಷನ್ನೇ ಗತಿ. ಹಾಗಾಗಿ ಡಾಕ್ಟ್ರಿಗೆ ಒಂದೇ ಪ್ರಶ್ನೆ ಕೇಳೋಕೆ ಅವಕಾಶ ಸಿಕ್ಕರೆ ಇದನ್ನು ಕೇಳಿ: ದಾರೀದಾ, ನರದ್ದಾ?

ಅಪ್ಪನದು ಎರಡನೆಯದು. ಗೆರೆ 4000 ಹರ್ಟ್ಜ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಶಬ್ದದಿಂದ ಕೆಟ್ಟ ಕಿವಿಯ ಗುರುತು ಸಾಮಾನ್ಯವಾಗಿ ಇದೇ. ವರ್ಷಗಟ್ಟಲೆ ಅಡಿಕೆ ಸುಲಿಯೋ ಮಿಷನ್ ಪಕ್ಕ ಕೂತಿದ್ದು, ವೀಡ್ ಕಟರ್ ಹಿಡಿದಿದ್ದು. ಇಂಥವರಿಗೆ ದನಿ ಕೇಳುತ್ತೆ, ಮಾತು ಬಿಡಿಸಿಕೊಳ್ಳೋಕೆ ಆಗಲ್ಲ. ಸ, ತ, ಕ ತರದ ತೆಳು ಸದ್ದು ತಪ್ಪಿಹೋಗುತ್ತೆ. ಅಮ್ಮ ತಟ್ಟೆ ಅಂದರೆ ಅಪ್ಪ ಕಟ್ಟೆಯಾ ಅಂತಾರೆ. ಕಿರುಚಿದರೆ ಪ್ರಯೋಜನ ಇಲ್ಲ, ಎದುರಿಗೆ ಬಂದು ನಿಧಾನವಾಗಿ ಹೇಳಬೇಕು. ಟಿನಿಟಸ್ ಅಂತಲೂ ಬರೆದಿದ್ದರು, ಕಿವಿಯಲ್ಲಿ ಸದ್ದು. ಇಷ್ಟು ದಿನ ಅಪ್ಪ ಅದನ್ನು ತೋಟದ ಜೀರುಂಡೆ ಅಂದುಕೊಂಡಿದ್ದರಂತೆ.

ವಯಸ್ಸಿನಿಂದ ಬರುವ ಮಂದಕ್ಕೆ ಪ್ರೆಸ್ಬಿಅಕ್ಯೂಸಿಸ್ ಅಂತ ಹೆಸರು. ಅದು ನಿಧಾನವಾಗಿ ಬರುತ್ತೆ. ಆದರೆ ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೇ ಹೋದರೆ, ನೆಗಡಿ ಇರಬೇಕು, ನಾಡಿದ್ದು ನೋಡೋಣ ಅಂತ ಕೂರಬೇಡಿ. ಅದು ಸಡನ್ ಸೆನ್ಸರಿನ್ಯೂರಲ್ ಆಗಿದ್ದರೆ ಸ್ಟೀರಾಯ್ಡ್ ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು. ಅವತ್ತೇ ಬಸ್ ಹತ್ತಿ.

ಹಳೇ ಆಡಿಯೋಗ್ರಾಮ್ ಎಸೆಯಬೇಡಿ, ಮುಂದಿನ ಸಲದ ಗೆರೆಯನ್ನು ಅದರ ಪಕ್ಕ ಇಟ್ಟೇ ನೋಡಬೇಕಾಗುತ್ತೆ. ನಮ್ಮನೆಯಲ್ಲಿ ಪಹಣಿ ಇಡೋ ಪ್ಲಾಸ್ಟಿಕ್ ಕವರಿಗೇ ಸೇರಿಸಿದ್ದೇವೆ, ಅದೊಂದಕ್ಕೆ ಮಾತ್ರ ಇನ್ನೂ ಬೂಸ್ಟು ಹಿಡಿದಿಲ್ಲ.