ಆಟಿಯ ಮಳೆಯಲ್ಲಿ ಹೊಸ ಸರಕಿನ ಆಯ್ಕೆ

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಪುಟ್ಟ ಬುಟೀಕ್ ಇದೆ. ಒಂದು ಪಕ್ಕಕ್ಕೆ ಹಳೆಯ ಉಡುಪಿ, ಇನ್ನೊಂದು ಪಕ್ಕಕ್ಕೆ ಮಣಿಪಾಲ. ಹೀಗಾಗಿ ಮಠಕ್ಕೆ ಹೋಗಲು ಹತ್ತಿ ಸೀರೆ ಕೇಳುವ ಅಮ್ಮಂದಿರೂ ಕಾಲೇಜಿಗೆ ಜೀನ್ಸ್ ಹುಡುಕುವ ಹುಡುಗಿಯರೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಊರಿನ ದೊಡ್ಡ ಜವಳಿ ಅಂಗಡಿಗಳು ರಿಯಾಯಿತಿಯ ಫಲಕ ತೂಗುಹಾಕುವ ಹೊತ್ತಿಗೆ ನಾನು ಹೊಸ ಸರಕಿನ ಆಯ್ಕೆಗೆ ಕೂರುತ್ತೇನೆ. ಅಷ್ಟಮಿ, ಚೌತಿ, ಕ್ರೈಸ್ತರ ಮೊಂತಿ ಹಬ್ಬ, ನವರಾತ್ರಿ ಬೆನ್ನುಬೆನ್ನಿಗೆ ಬರುತ್ತವೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮಳೆ. ನಮ್ಮೂರಿನ ಬಟ್ಟೆಗೆ ನಿಜವಾದ ಪರೀಕ್ಷೆ ನಡೆಯುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಒಗೆದು, ಒಣಗಿಸಿ, ಮತ್ತೆ ತೊಡುವಂತೆ ಉಳಿದ ಮಾದರಿಯನ್ನು ಮಾತ್ರ ನಾನು ಅಂಗಡಿಗೆ ತರಿಸುತ್ತೇನೆ.

ಡೆನಿಮ್‌ನ ಮಾತನ್ನೇ ಮೊದಲು ಹೇಳಬೇಕು, ಏಕೆಂದರೆ ಕರಾವಳಿಯಲ್ಲಿ ಹೆಚ್ಚು ಕೈ ಕೊಡುವ ಬಟ್ಟೆ ಅದೇ. ಡೆನಿಮ್‌ನ ದಪ್ಪವನ್ನು ಔನ್ಸ್ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತದೆ ಎಂಬುದು ಆ ಲೆಕ್ಕ. ಹಳೆಯ ಮಾದರಿಯ ಗಟ್ಟಿ ಜೀನ್ಸ್ 13–14 ಔನ್ಸ್ ಇರುತ್ತದೆ. ಜುಲೈಯಲ್ಲಿ ಅಂಥದ್ದನ್ನು ಒಗೆದು ಹಾಕಿದರೆ ಕಾಲಿನ ಭಾಗ ಹೇಗೋ ಒಣಗೀತು, ಸೊಂಟಪಟ್ಟಿ ಮತ್ತು ಜೇಬಿನ ಒಳಗು ದಿನಗಟ್ಟಲೆ ಹಸಿಯಾಗಿಯೇ ಉಳಿದು ಮುಗ್ಗಲು ಹಿಡಿಯುತ್ತವೆ. ಅದಕ್ಕೇ ನಾನು ಆರಿಸುವುದು 8ರಿಂದ 10 ಔನ್ಸ್‌ನ ಡೆನಿಮ್, ಅಂದರೆ ಚದರ ಮೀಟರಿಗೆ ಸುಮಾರು 270ರಿಂದ 340 ಗ್ರಾಂ ತೂಗುವುದು. ಶರ್ಟಿಗಾದರೆ ಇನ್ನೂ ತೆಳುವಾಗಿರಬೇಕು. ಈ ತೂಕದ ಬಟ್ಟೆಯನ್ನು ಬೆರಳಿನಲ್ಲಿ ಹಿಡಿದು ಮಡಚಿದರೆ ಮಡಿಕೆ ಸಲೀಸಾಗಿ ಕೂರುತ್ತದೆ, ಸ್ಕೂಟರ್ ಮೇಲೆ ಕುಳಿತಾಗ ಮೊಣಕಾಲಿನ ಹಿಂದೆ ಒತ್ತುವುದಿಲ್ಲ.

ಎರಡನೆಯದು ಎಲಾಸ್ಟೇನ್, ಬಟ್ಟೆ ಹಿಗ್ಗಲೆಂದು ಸೇರಿಸುವ ಕೃತಕ ಎಳೆ. ಶೇ 98 ಹತ್ತಿ, ಶೇ 2 ಎಲಾಸ್ಟೇನ್ ಇದ್ದರೆ ಸಾಕಷ್ಟು ಹಿಗ್ಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನಾನು ಮುಟ್ಟುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ. ಹತ್ತಿಗೆ ಆ ಕಾವಿನಿಂದ ತೊಂದರೆಯಿಲ್ಲ. ಎಲಾಸ್ಟೇನ್‌ಗೆ ಬಿಸಿ ಆಗಿಬರುವುದಿಲ್ಲ, ಎಳೆ ಸಡಿಲವಾಗಿ ಮೊಣಕಾಲಿನ ಬಳಿ ಬಟ್ಟೆ ಉಬ್ಬಿ ನಿಂತುಬಿಡುತ್ತದೆ. ಜೀನ್ಸ್ ಕೊಳ್ಳುವ ಪ್ರತಿಯೊಬ್ಬರಿಗೂ ನಾನು ಇದನ್ನು ಹೇಳುತ್ತೇನೆ: ಒಳಗು ಹೊರಗೆ ಮಾಡಿ ಫ್ಯಾನಿನ ಗಾಳಿಗೆ ಹಾಕಿ, ಒಲೆಯ ಹತ್ತಿರ ಬೇಡ.

ಬಣ್ಣದ ಪರೀಕ್ಷೆಗೆ ನಾನು ಬಳಸುವುದು ಒಂದು ಬಿಳಿ ಪಂಚೆಯ ತುಂಡು. ಒದ್ದೆ ಮಾಡಿ, ಹಿಂಡಿ, ಡೆನಿಮ್‌ನ ತೊಡೆಯ ಭಾಗದ ಮೇಲೆ ಗಟ್ಟಿಯಾಗಿ ಇಪ್ಪತ್ತು ಸಲ ಉಜ್ಜುತ್ತೇನೆ. ಡೆನಿಮ್‌ನಲ್ಲಿ ಉದ್ದನೆಯ ಹಾಸುನೂಲಿಗೆ ಇಂಡಿಗೋ ನೀಲಿ ಹಾಕಿರುತ್ತಾರೆ, ಅಡ್ಡನೆಯ ಹೊಕ್ಕುನೂಲು ಬಿಳಿ. ಇಂಡಿಗೋ ನೂಲಿನ ಮೈಗೆ ಅಂಟಿರುತ್ತದೆಯೇ ಹೊರತು ತಿರುಳಿಗೆ ಇಳಿಯುವುದಿಲ್ಲ. ಡೆನಿಮ್ ಮಾಸುತ್ತ ಮಾಸುತ್ತ ಚೆಂದವಾಗುವುದೂ ಅದರಿಂದಲೇ, ಬಣ್ಣ ಬೇರೆಯದಕ್ಕೆ ಹತ್ತುವುದೂ ಅದರಿಂದಲೇ. ಬಿಳಿ ತುಂಡಿನಲ್ಲಿ ತಿಳಿನೀಲಿಯ ನೆರಳು ಕಂಡರೆ ಒಪ್ಪುತ್ತೇನೆ. ಕಡುನೀಲಿ ಮೂಡಿದರೆ ಮಾದರಿ ವಾಪಸ್. ಬೆವರುವ ಊರು ನಮ್ಮದು, ಒಣ ಬಟ್ಟೆಯಲ್ಲಿ ಉಜ್ಜಿ ನೋಡಿದರೆ ಏನೂ ತಿಳಿಯುವುದಿಲ್ಲ.

ಕುಗ್ಗುವಿಕೆಗೆ ಕಾಲಿನ ಉದ್ದದಲ್ಲಿ 50 ಸೆಂಟಿಮೀಟರ್ ಅಳೆದು ಎರಡು ತುದಿಗೆ ಕೆಂಪು ದಾರದ ಗುರುತು ಹಾಕುತ್ತೇನೆ. ಮೂರು ಒಗೆತದ ನಂತರ ಮತ್ತೆ ಟೇಪು ಹಿಡಿಯುತ್ತೇನೆ. ಒಂದೂವರೆ ಸೆಂಟಿಮೀಟರ್ ಕಡಿಮೆಯಾದರೆ ಅದು ಶೇ 3, ನನ್ನ ಮಿತಿ ಅಷ್ಟೇ. ಅದೇ ಹೊತ್ತಿಗೆ ಪಕ್ಕದ ಹೊಲಿಗೆ ನೆಟ್ಟಗಿದೆಯೇ ಎಂದೂ ನೋಡುತ್ತೇನೆ. ಡೆನಿಮ್‌ನ ನೇಯ್ಗೆ ಓರೆಗೆರೆಯದು. ಸರಿಯಾಗಿ ಸಂಸ್ಕರಿಸದಿದ್ದರೆ ಒಗೆದಂತೆ ಕಾಲು ತಿರುಚಿಕೊಂಡು ಪಕ್ಕದ ಹೊಲಿಗೆ ಮುಂಭಾಗಕ್ಕೆ ಬರುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ಬಳ್ಳಾರಿಗೆ ಆರ್ಡರ್ ಹೋಗುತ್ತದೆ. ಜೀನ್ಸ್ ಹೊಲಿಗೆಗೆ ಹೆಸರಾದ ಊರದು, ಸಣ್ಣ ಘಟಕಗಳು ನನ್ನಂಥವರಿಗೆ ಸಣ್ಣ ಪ್ರಮಾಣದಲ್ಲೂ ಹೊಲಿದುಕೊಡುತ್ತವೆ. ಅವರಲ್ಲಿ ನಾನು ಹಟ ಹಿಡಿಯುವುದು ಜೇಬಿನ ವಿಷಯದಲ್ಲಿ. ಹೆಂಗಸರ ಜೀನ್ಸಿಗೆ ಬರೀ ತೋರಿಕೆಯ ಜೇಬು ಹೊಲಿಯುವ ಪದ್ಧತಿ ನನಗೆ ಸಿಟ್ಟು ತರಿಸುತ್ತದೆ. ಮೊಬೈಲ್ ಪೂರ್ತಿ ಇಳಿಯುವ ಜೇಬು, ಅದರ ಬಾಯಿಯ ಎರಡು ತುದಿಗೆ ಕಿತ್ತುಬರದಂತೆ ಒತ್ತೊತ್ತಾಗಿ ಹಾಕುವ ಭದ್ರವಾದ ಬಾರ್‌ಟ್ಯಾಕ್ ಹೊಲಿಗೆ ಇರಲೇಬೇಕು.

ಈ ಸಲದ ಹೊಸ ಸರಕಿನಲ್ಲಿ ನನಗೆ ಅತಿ ಪ್ರೀತಿಯದು ಗಿಡ್ಡ ತೋಳಿನ ಡೆನಿಮ್ ಶರ್ಟ್. ಮಣಿಪಾಲದ ಹುಡುಗಿಯರು ಇದನ್ನು ರವಿಕೆಯ ಬದಲು ಸೀರೆಗೆ ತೊಡುತ್ತಾರೆ, ಅದರಲ್ಲೂ ಉಡುಪಿ ಸೀರೆಗೆ. 2016ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಕೈಮಗ್ಗದ ಸೀರೆ ಅದು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೇವಾ ಸಹಕಾರ ಸಂಘ ಮತ್ತು ಕಾರ್ಕಳದ ಕದಿಕೆ ಟ್ರಸ್ಟ್ ಕೈಜೋಡಿಸಿ ದುಡಿದದ್ದರಿಂದ, ನಿಂತೇ ಹೋಗುತ್ತಿದ್ದ ಮಗ್ಗಗಳು ಮತ್ತೆ ಸದ್ದು ಮಾಡುತ್ತಿವೆ. ಸೀರೆ ತೆಳು, ಹಗುರ, ಗಾಳಿಯಾಡುತ್ತದೆ. ಸೆಕೆಗೆ ಇದಕ್ಕಿಂತ ಹಿತವಾದ ಉಡುಗೆ ನಾನು ಕಂಡಿಲ್ಲ. ಆದರೆ ತಿಳಿಬಣ್ಣದ ಆ ಹತ್ತಿಗೆ ಡೆನಿಮ್‌ನ ನೀಲಿ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ನೇಕಾರರು ದಿನಗಟ್ಟಲೆ ಕೂತು ನೇಯ್ದದ್ದು ಒಂದು ಸಂಜೆಯ ಬೆವರಿಗೆ ಹಾಳಾಗಬಾರದು. ಹಾಗಾಗಿ ಶರ್ಟುಗಳನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಸಾಕೆಂದು ಯಾರು ಹೇಳಿದರೂ ನಾನು ನಂಬುವುದಿಲ್ಲ. ಬಿಳಿ ತುಂಡು ಬಿಳಿಯಾಗಿಯೇ ಉಳಿಯುವವರೆಗೆ ಒಗೆಸಿ, ಆಮೇಲೆ ಮಾರಾಟಕ್ಕೆ ಇಡುತ್ತೇನೆ.

ಕುರ್ತಾಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೈಪುರದ ಬಳಿಯ ಬಗ್ರು ಮತ್ತು ಸಾಂಗಾನೇರ್‌ನ ಅಚ್ಚಿನ ಹತ್ತಿ ಬಂದಿದೆ. ರೇಯಾನ್ ನೋಡಲು ನಯವಾದರೂ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ತರಿಸಿಲ್ಲ.

ಮನೆ ಅಲಂಕಾರದ ಸಾಮಾನಿಗೆ ಅಂಗಡಿಯಲ್ಲಿ ಒಂದೇ ಗೋಡೆ ಮೀಸಲು. ಅಲ್ಲಿಯೂ ಕಡಲ ಗಾಳಿಯದೇ ಮಾತು. ಕಬ್ಬಿಣದ ಸ್ಟ್ಯಾಂಡುಗಳು ಒಂದು ಮಳೆಗಾಲಕ್ಕೆ ತುಕ್ಕು ಉದುರಿಸುತ್ತವೆ, ಸೆಣಬಿನ ಗೋಡೆತೂಗು ನೀರು ಹೀರಿ ಬೂಷ್ಟು ಹಿಡಿಯುತ್ತದೆ. ಕೇದಗೆ ಜಾತಿಯ ಮುಂಡೇವಿನ ಓಲೆಯಿಂದ ಹೆಣೆದ ಸಣ್ಣ ಚಾಪೆ, ಮೇಜಿನ ಹಾಸುಗಳು ಈ ನೆಲದಲ್ಲೇ ಬೆಳೆದ ಗಿಡದವು. ವಾರಕ್ಕೊಮ್ಮೆ ಗಾಳಿಗೆ ಹಾಕಿದರೆ ವರ್ಷಗಟ್ಟಲೆ ಬಾಳುತ್ತವೆ. ಅರಗಿನ ಬಣ್ಣದ ಚನ್ನಪಟ್ಟಣದ ಮರದ ಸಾಮಾನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ದೈವದ ಮೊಗ (ಮುಖವಾಡ), ಮುಡಿ (ತಲೆಯ ಅಲಂಕಾರ), ಗಗ್ಗರ (ಕಾಲಿನ ಕಡಗ) ಇವುಗಳ ಪ್ರತಿಕೃತಿಯನ್ನು ಹೊರಗಿನಿಂದ ಬಂದವರು ಆಸೆಯಿಂದ ಕೇಳುತ್ತಾರೆ. ದೈವಾರಾಧನೆಯ ಕೋಲ ನಡೆಯುವ ಕಳದಲ್ಲಿ ಕೈಮುಗಿಯುವ ವಸ್ತುವನ್ನು ಸೋಫಾದ ಮೇಲಿನ ಗೋಡೆಗೆ ಮಾರಲು ನನಗೆ ಮನಸ್ಸಿಲ್ಲ, ಹಾಗೆಂದು ನೇರವಾಗಿಯೇ ಹೇಳುತ್ತೇನೆ.

ಬೆಲೆಯ ವಿಷಯ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಆದ್ದರಿಂದ ಡೆನಿಮ್ ಉಡುಪೆಲ್ಲವನ್ನೂ ಆ ಗೆರೆಯ ಕೆಳಗೇ ಇಟ್ಟಿದ್ದೇನೆ. ಸೊಂಟ ಬಿಗಿ ಮಾಡುವುದು, ಕಾಲಿನ ಉದ್ದ ಕತ್ತರಿಸುವುದು ನಮ್ಮಲ್ಲೇ ಉಚಿತ. ಕೊಂಡ ದಿನವೇ ಉದ್ದ ಕತ್ತರಿಸಿಕೊಡಿ ಎಂದರೆ ಮಾತ್ರ ಒಪ್ಪುವುದಿಲ್ಲ. ಮನೆಯಲ್ಲಿ ಎರಡು ಸಲ ಒಗೆದು, ಯಾವ ಚಪ್ಪಲಿಯ ಜೊತೆ ತೊಡುತ್ತೀರೋ ಅದನ್ನೇ ಮೆಟ್ಟಿಕೊಂಡು ಬನ್ನಿ ಎನ್ನುತ್ತೇನೆ.